ಬಿಡಿಸುವ ದೀಪ

ಚಳ್ಳಕೆರೆ
2 ಜೂನ್ 2025

ರುದ್ರಣ್ಣನಿಗೆ,

ಪೆಟ್ಟಿಗೆ ಬಿಚ್ಚುವ ಮೊದಲು ಈ ಕಾಗದ ಓದು. ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ, ಮೊದಲು ಪೆಟ್ಟಿಗೆ ಬಿಚ್ಚಿ ಹರಡಿರುತ್ತೀಯ, ಆಮೇಲೆ ಕಾಗದ ಎಲ್ಲಿ ಅಂತ ಹುಡುಕುತ್ತೀಯ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿನ್ನ ಗುಂಡಿ ಫೋನಿಗೆ ಕಿವಿ ಕೆಟ್ಟು ಹೋಗಿ ಸ್ಪೀಕರಿನಲ್ಲೇ ಮಾತಾಡಬೇಕು. ಸ್ಪೀಕರ್ ಹಾಕಿದರೆ ಅವ್ವನಿಗೆ ಕೇಳುತ್ತದೆ, ಪಕ್ಕದ ಮನೆಯ ಚಿಕ್ಕಕ್ಕನಿಗೂ ಕೇಳುತ್ತದೆ, ಅವಳಿಗೆ ಕೇಳಿದರೆ ಇಡೀ ಮೊಳಕಾಲ್ಮೂರಿಗೆ ಕೇಳಿದ ಹಾಗೆ. ನನ್ನ ಫೋನಂತೂ ಹಗಲೆಲ್ಲ ಲ್ಯಾಬಿನ ಗೇಟಿನಲ್ಲೇ ಇರುತ್ತದೆ. ಹೇಗೂ ದುರುಗೇಶಣ್ಣ ತನ್ನ ಬಸ್ಸಿನಲ್ಲಿ ನಮ್ಮ ರೇಷ್ಮೆಯ ಪೆಟ್ಟಿಗೆ ತಂದು ಕೊಟ್ಟು ಮಾಡುತ್ತಿದ್ದಾನೆ. ನಿಜವಾದ ಮಾತು ಅದರೊಳಗೇ ಓಡಾಡಲಿ. ಫೋನಿನಲ್ಲಿ ಎಲ್ಲರೂ ಚೆನ್ನಾಗಿರೋಣ.

ಈಗ ವಿಷಯ. ನಮ್ಮ ಲೇಪ ಹಚ್ಚಿದ ಉದ್ದನೆ ಎಳೆಗಳ ಹಾಸು ಗಂಜಿ ಹಾಕಿದ್ದಕ್ಕಿಂತ ಚೆನ್ನಾಗಿ ನೇಯಲು ಬರುತ್ತದೆ, ಆದರೆ ನಡುವೆ ಎಳೆ ಹರಿದರೆ ಅವ್ವನಿಗೆ ಕೂಡಿಸಲು ಆಗುತ್ತಿಲ್ಲ, ತಂತಿಯ ಹಾಗೆ ಸೆಟೆದುಕೊಳ್ಳುತ್ತದೆ ಅಂತ ಬರೆದಿದ್ದೆಯಲ್ಲ, ಅದಕ್ಕೆ ಮದ್ದು ಕಳಿಸಿದ್ದೇನೆ. ಲೇಪದೊಳಗೆ ಉದ್ದುದ್ದ ಸರಪಳಿಗಳಿರುತ್ತವೆ, ಅದನ್ನೇ ನಾವು ಪಾಲಿಮರ್ ಅನ್ನುವುದು. ಒಂದೊಂದು ಸರಪಳಿಗೂ ಅಲ್ಲಲ್ಲಿ ಸಣ್ಣ ಕೈಗಳು. ನಿನ್ನ ಹತ್ತಿರ ಇರುವ ದೊಡ್ಡ ದೀಪದ ಬೆಳಕು ಬಿದ್ದರೆ ಪಕ್ಕಪಕ್ಕದ ಸರಪಳಿಗಳು ಕೈ ಕೈ ಹಿಡಿದುಕೊಳ್ಳುತ್ತವೆ, ಲೇಪ ಗಟ್ಟಿಯಾಗುತ್ತದೆ. ಇವತ್ತು ಕಳಿಸಿರುವ ಚಿಕ್ಕ ದೀಪದ್ದು ಬೇರೆ ಜಾತಿಯ ಬೆಳಕು. ಅದು ಬಿದ್ದರೆ ಹಿಡಿದ ಕೈಗಳು ಬಿಡುತ್ತವೆ. ಹರಿದ ಎಳೆಯ ತುದಿಗೆ ಸ್ವಲ್ಪ ಹೊತ್ತು ಹಿಡಿದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಲೇಪ ಹೋಗಿ ಮೊದಲಿನ ಮೆತ್ತನೆ ರೇಷ್ಮೆ ಸಿಗುತ್ತದೆ. ಅವ್ವ ಕೂಡಿಸಲಿ. ಆಮೇಲೆ ಮತ್ತೆ ಲೇಪ ಸವರಿ ದೊಡ್ಡ ದೀಪ ತೋರಿಸು, ಮತ್ತೆ ಗಟ್ಟಿ.

ಚಿಕ್ಕ ದೀಪ ಹಚ್ಚುವಾಗ ಜೊತೆಗಿಟ್ಟ ಹಳದಿ ಕನ್ನಡಕ ಹಾಕಿಕೊಳ್ಳಿ, ಕೈಗೆ ಬಟ್ಟೆ ಸುತ್ತಿಕೊಳ್ಳಿ. ಇಲ್ಲದಿದ್ದರೆ ಸ್ವಲ್ಪ ಕಣ್ಣು ಉರಿಯಬಹುದು. ಇಷ್ಟೇ.

ಲ್ಯಾಬಿನಿಂದ ನಮ್ಮ ವೀರೇಶ್ ಸರ್ ಅಕಸ್ಮಾತ್ ಫೋನ್ ಮಾಡಿದರೆ ಚಿಕ್ಕ ದೀಪದ ಮಾತು ಎತ್ತಬೇಡ. ನಾನೇ ಹೇಳುತ್ತೇನೆ.

ನಿನ್ನ ತಂಗಿ
ಸೌಂದರ್ಯ


ಮೊಳಕಾಲ್ಮೂರು
6 ಜೂನ್ 2025

ತಂಗಿ ಸೌಂದರ್ಯಳಿಗೆ ಅಣ್ಣ ತಿಪ್ಪೇರುದ್ರನ ಆಶೀರ್ವಾದ, ಅದರ ಹಿಂದೆಯೇ ಒಂದಿಷ್ಟು ಬೈಗುಳ.

ಹೌದು, ಮೊದಲು ಪೆಟ್ಟಿಗೆಯನ್ನೇ ಬಿಚ್ಚಿದೆ. ಏನೀಗ?

ದೀಪ ಕೆಲಸ ಮಾಡಿತು ಮಾರಾಯ್ತಿ. ನಾನು ನಂಬಿರಲಿಲ್ಲ. ಸೆರಗಿನ ಹತ್ತಿರ ಎಳೆ ಹರಿದಿತ್ತು. ಅವ್ವ ದೀಪ ಹಿಡಿದಳು, ಒದ್ದೆ ಬಟ್ಟೆಯಲ್ಲಿ ಒರೆಸಿದಳು, ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆದಳು. ಕೂಡಿಕೊಂಡೇಬಿಟ್ಟಿತು. "ಎಲಾ ಇದರ, ಬಿಟ್ಕೊಡ್ತಲ್ಲೋ. ಸೊಸೆಗಿಂತ ವಾಸಿ" ಅಂದಳು. ಸೊಸೆ ಇನ್ನೂ ಈ ಮನೆಗೆ ಬಂದೇ ಇಲ್ಲ, ಆಗಲೇ ಅವಳಿಗೆ ಬಯ್ಯುವುದನ್ನು ಅಭ್ಯಾಸ ಮಾಡಿಕೊಂಡಿದ್ದಾಳೆ.

ನಗುವ ವಿಷಯ ಒಂದಿದೆ ಕೇಳು. ದೀಪ ಹೊತ್ತಿದ ಕೂಡಲೇ ಅವ್ವ ಹಳದಿ ಕನ್ನಡಕವನ್ನು ಹಣೆಗೇರಿಸಿದಳು. ದೀಪದ ಮುಂದೆ ಎರಡೂ ಕೈ ಒಡ್ಡಿ, ಕಣ್ತುಂಬ ನೋಡಿ, ಕೈಯನ್ನು ಕಣ್ಣಿಗೊತ್ತಿಕೊಂಡಳು. ಮಂಗಳಾರತಿ ತಟ್ಟೆ ಬಂದಾಗ ಮಾಡುತ್ತಾಳಲ್ಲ, ಥೇಟು ಹಾಗೇ. "ಅವ್ವ, ಅದು ದೇವರ ದೀಪ ಅಲ್ಲ, ಲ್ಯಾಬಿಂದು" ಅಂದೆ. "ದೀಪ ಅಂದ್ಮೇಲೆ ದೀಪನೇ ಕಣೋ. ನನ್ನ ಮಗಳು ಕಳ್ಸಿರೋದು. ಸುಮ್ನಿರು" ಅಂದಳು. ಆಮೇಲೆ ಕನ್ನಡಕ ಇಳಿಸಿಕೊಂಡು ಶಿಸ್ತಾಗಿ ಕೆಲಸಕ್ಕೆ ಕೂತಳು. ಹಳದಿ ಕನ್ನಡಕದಲ್ಲಿ ಅವಳನ್ನು ನೋಡಬೇಕಿತ್ತು ನೀನು. ಚಿಕ್ಕಕ್ಕ ಬಾಗಿಲಲ್ಲಿ ನಿಂತು, "ಸೂರಮ್ಮ, ಯಾವ ಸಿನಿಮಾಕ್ಕೆ ಹೊಂಟೆ" ಅಂತ ಕೇಳಿದಳು.

ಇಷ್ಟು ಮಂಕು ದೀಪಕ್ಕೆ ಅಷ್ಟೊಂದು ಎಚ್ಚರಿಕೆ ಬರೆದಿದ್ದೀಯಲ್ಲ, ಬಚ್ಚಲ ಮನೆಯ ಬಲ್ಬೂ ಇದಕ್ಕಿಂತ ಜೋರಾಗಿ ಉರಿಯುತ್ತದೆ. ಓದಿದವರಿಗೆ ಹೆದರಿಕೆ ಜಾಸ್ತಿ.

ರುದ್ರ


ಚಳ್ಳಕೆರೆ
9 ಜೂನ್ 2025

ರುದ್ರಣ್ಣ,

ನಿನ್ನ ಕಾಗದವನ್ನು ಊಟದ ಹೊತ್ತಿನಲ್ಲಿ ಓದಿ ನಕ್ಕು ನಕ್ಕು ಕೆಮ್ಮು ಬಂತು. ಪೂಜೆ ಮಾಡಿಸಿಕೊಂಡ ಲ್ಯಾಬ್ ದೀಪ ಜಗತ್ತಿನಲ್ಲಿ ಇದೊಂದೇ ಇರಬೇಕು. ಅವ್ವನಿಗೆ ಹೇಳು, ಅವಳ ಪೂಜೆಯಿಂದಲೇ ನನ್ನ ಲೇಪ ಬಿಡುತ್ತಿರುವುದು.

ಒಂದು ಸಂತೋಷದ ಸುದ್ದಿ. ಜುಲೈ ಮೊದಲ ವಾರ ನಮ್ಮ ಕೆಲಸ ನೋಡಲು ಹೊರಗಿನವರು ಬರುತ್ತಾರೆ. ಆವತ್ತು ಸೀರೆ ಮೇಜಿನ ಮೇಲಿರಬೇಕು ಅಂತ ವೀರೇಶ್ ಸರ್ ಹೇಳಿದ್ದಾರೆ. ಗಂಜಿಯಿಲ್ಲದೆ, ಬೆಳಕಿನಲ್ಲೇ ಬಿಗಿದು ಬೆಳಕಿನಲ್ಲೇ ಬಿಡಿಸಿದ ಮೊದಲ ರೇಷ್ಮೆ ಸೀರೆ, ಅದೂ ಮೊಳಕಾಲ್ಮೂರಿನ ನಮ್ಮ ಕುಣಿ ಮಗ್ಗದಲ್ಲಿ. ಇದು ಸರಿಹೋದರೆ ನನ್ನ ಕೆಲಸ ಕಾಯಂ ಆಗಬಹುದು. ಅವ್ವನಿಗೆ ಈಗಲೇ ಹೇಳಬೇಡ, ಹೇಳಿದರೆ ಅವಳು ಊಟ ಬಿಟ್ಟು ಎಳೆ ಕೂಡಿಸುತ್ತಾ ಕೂರುತ್ತಾಳೆ.

ಚಿಕ್ಕ ದೀಪ ಮಂಕು ಅಂತ ಸಸಾರ ಮಾಡಬೇಡ ಅಣ್ಣ. ಅದರ ಬೆಳಕಿನ ಮುಖ್ಯ ಪಾಲು ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಕನ್ನಡಕ ಮರೆಯದಿದ್ದರೆ ಸಾಕು.

ಸೌಂದರ್ಯ


ಮೊಳಕಾಲ್ಮೂರು
20 ಜೂನ್ 2025

ಸೌಂದರ್ಯ,

ತಡವಾಯಿತು. ಮಗ್ಗ ಬಿಟ್ಟು ಏಳಲು ಆಗಲಿಲ್ಲ. ಕಾಯಂ ಕೆಲಸದ ವಿಷಯ ಅವ್ವನಿಗೆ ಹೇಳಿಬಿಟ್ಟೆ. ಬಾಯಿ ತಡೆಯಲಿಲ್ಲ. ನೀನು ಹೇಳಿದ ಹಾಗೇ ಆಗಿದೆ, ಹಾಸಿನ ಮುಂದಿನಿಂದ ಅವಳನ್ನು ಎಬ್ಬಿಸುವುದೇ ಕಷ್ಟ.

ಇಲ್ಲಿ ಗಾಳಿ ಶುರುವಾಗಿದೆ. ಗುಡ್ಡದ ಕಡೆಯಿಂದ ಬರುವ ಧೂಳು ಅನ್ನದ ತಟ್ಟೆಯಲ್ಲೂ ಕರಕರ ಅನ್ನುತ್ತದೆ. ಅವ್ವನ ಕಣ್ಣಿಗೂ ಬಿದ್ದಿದೆ. ಫೋನಿನಲ್ಲಿ ನೀನು ಕೇಳಿದಾಗ "ನನಗೇನಾಗೈತೆ, ಕಲ್ಲುಗುಂಡು ಇದ್ದಂಗಿದೀನಿ" ಅಂದಳಲ್ಲ, ಅದು ಸುಳ್ಳು. ಹಗಲು ಏನೂ ಇರುವುದಿಲ್ಲ. ರಾತ್ರಿ ಮಲಗಿದ ಮೇಲೆ ಶುರುವಾಗುತ್ತದೆ. "ಯಾರೋ ಕಣ್ಣಿಗೆ ಮರಳು ಎರಚ್ದಂಗೆ ಐತೆ ಕಣೋ ರುದ್ರ" ಅಂತ ಒದ್ದೆ ಬಟ್ಟೆ ಕಟ್ಟಿಕೊಂಡು ಹೊರಳಾಡುತ್ತಾಳೆ. ಕಣ್ಣಲ್ಲಿ ದಳದಳ ನೀರು. ಬೆಳಕಾದರೆ ಸ್ವಲ್ಪ ಕೆಂಪು ಬಿಟ್ಟರೆ ಏನೂ ಆಗದವಳ ಹಾಗೆ ಬಂದು ಕೂರುತ್ತಾಳೆ. ಚಿಕ್ಕಕ್ಕ ನಂದಿಬಟ್ಟಲು ಹೂವಿನ ರಸ ಹಿಂಡಿ ಹೋದಳು. ತಂಪಾಯಿತು ಅಂದಳು ಅವ್ವ.

ನನಗೆ ಹೆದರಿಕೆ ಇಷ್ಟೇ. ನಾನು ಬರೀ ಲಾಳಿ ಎಸೆಯುವವನು. ಕೂದಲಿಗಿಂತ ಸಣ್ಣ ಎಳೆಯನ್ನು ಹುಡುಕಿ ಹಿಡಿಯುವುದು ಅವಳ ಕಣ್ಣು. ಅಪ್ಪ ಹೋದ ಮೇಲೂ ಈ ಮಗ್ಗ ನಿಲ್ಲದೆ ನಡೆದದ್ದು ಆ ಕಣ್ಣಿನಿಂದ. ವಯಸ್ಸಾಯಿತು, ಪೊರೆ ಬರುತ್ತಿರಬಹುದೇನೋ.

ಗಾಳಿ ನಿಂತರೆ ಸರಿಹೋಗುತ್ತದೆ ಅಂದುಕೊಂಡಿದ್ದೇನೆ.

ರುದ್ರ


ಚಳ್ಳಕೆರೆ
21 ಜೂನ್ 2025

ಅಣ್ಣ,

ಈ ಕಾಗದ ಸಿಕ್ಕ ಕೂಡಲೇ ಚಿಕ್ಕ ದೀಪ ಆರಿಸಿ ಪೆಟ್ಟಿಗೆಯಲ್ಲಿಡು. ಎರಡು ಮೂರು ದಿನ ಮುಟ್ಟಬೇಡಿ. ಎಳೆ ಹರಿದರೆ ಹರಿಯಲಿ.

ಕೇಳಿದ್ದಕ್ಕೆ ಸರಿಯಾಗಿ ಉತ್ತರ ಬರೆ. ಅವ್ವ ಕನ್ನಡಕ ಹಾಕಿಕೊಂಡೇ ಕೆಲಸ ಮಾಡುತ್ತಾಳಾ? ಪ್ರತಿ ಸಲವೂ? ನೀನು ಮಗ್ಗದ ಕುಣಿಯಲ್ಲಿ ಕೂತಾಗ ಅವಳು ನಿನಗೆ ಕಾಣುತ್ತಾಳಾ? ಕನ್ನಡಕದ ಗಾಜು ಒಡೆದಿದೆಯಾ, ಪಕ್ಕದಿಂದ ಬೆಳಕು ನುಗ್ಗುತ್ತದಾ? ಹಗಲು ಏನಿಲ್ಲದೆ ರಾತ್ರಿ ಮರಳು ಬಿದ್ದ ಹಾಗೆ ಆಗುವುದು ಧೂಳಿನ ಲಕ್ಷಣ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ.

ಗೊತ್ತಿಲ್ಲ ಅಂತ ಬರೆದೆನಲ್ಲ, ಹಾಗೇ ಇರಲಿ. ಧೂಳೇ ಇರಬಹುದು. ಕನ್ನಡಕ ಹಾಕಿದ್ದರೆ ಆ ದೀಪದಿಂದ ಏನೂ ಆಗಲು ಸಾಧ್ಯವಿಲ್ಲ, ಆ ಗಾಜನ್ನು ಅದು ದಾಟುವುದಿಲ್ಲ. ಇದನ್ನು ನಾನೇ ಅಳೆದು ನೋಡಿದ್ದೇನೆ.

ಅವ್ವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಧೂಳು ಬಿದ್ದಿದೆ ಅಂತ ಹೇಳು. ದೀಪದ ಮಾತು ಬೇಡ. ಆ ದೀಪ ಲ್ಯಾಬಿನಲ್ಲಿ ಮುಚ್ಚಿದ ಪೆಟ್ಟಿಗೆಯ ಒಳಗೆ ಮಾತ್ರ ಉರಿಯಬೇಕಾದದ್ದು. ಹೊರಗೆ ತರುವ ಹಾಗಿಲ್ಲ. ಹಳೆಯ ಕಪಾಟಿನಲ್ಲಿ ಯಾರೂ ಕೇಳದೆ ಬಿದ್ದಿತ್ತು, ನಾನು ತಂದೆ. ಹೊರಗಿನವರು ಬಂದು ಹೋಗಲಿ, ತಂದು ಇಟ್ಟುಬಿಡುತ್ತೇನೆ. ಅಲ್ಲಿಯವರೆಗೆ ಈ ವಿಷಯ ಯಾರ ಕಿವಿಗೂ ಬೀಳಬಾರದು.

ನನಗೆ ಊಟ ಸೇರುತ್ತಿಲ್ಲ. ಬೇಗ ಬರೆ.

ಸೌಂದರ್ಯ


ಮೊಳಕಾಲ್ಮೂರು
24 ಜೂನ್ 2025

ಸೌಂದರ್ಯ,

ಕದ್ದ ದೀಪ ಅಂತ ಮೊದಲೇ ಹೇಳಿದ್ದರೆ ನಾನು ಮನೆಯೊಳಗೆ ಇಟ್ಟುಕೊಳ್ಳುತ್ತಿದ್ದೆನಾ? ನಮ್ಮ ಮನೆಯಲ್ಲಿ ಬೇರೆಯವರ ಒಂದು ಹಿಡಿ ನೂಲೂ ಹೇಳದೆ ಬಂದದ್ದಿಲ್ಲ. ನೀನು ಓದಿ ಕಲಿತದ್ದು ಇದನ್ನೇನು? ಇರಲಿ. ಎದುರು ಸಿಕ್ಕಾಗ ಬಯ್ಯುತ್ತೇನೆ.

ನಿನ್ನ ಪ್ರಶ್ನೆಗೆ ಉತ್ತರ. ಅವ್ವ ಎಳೆ ಕೂಡಿಸುವಾಗ ಕನ್ನಡಕ ಮೂಗಿನ ಮೇಲೇ ಇರುತ್ತದೆ. ಜಾರದಿರಲಿ ಅಂತ ನಾನೇ ಹಿಂದೆ ದಾರ ಕಟ್ಟಿಕೊಟ್ಟಿದ್ದೇನೆ. ಗಾಜು ಒಡೆದಿಲ್ಲ. ಕುಣಿಯಲ್ಲಿ ಕೂತಾಗ ನನಗೆ ಅವಳ ತಲೆ ಮಾತ್ರ ಕಾಣುತ್ತದೆ, ಹಾಸು ಅಡ್ಡ ಇರುತ್ತದೆ. ಆದರೆ ನಡುನಡುವೆ ಎದ್ದು ನೋಡುತ್ತೇನೆ. ಬೇಕಾದರೆ ಅಪ್ಪನ ಆಣೆ.

ಡಾಕ್ಟರಿಗೆ ಧೂಳು ಅಂತಲೇ ಹೇಳಿದೆ. "ಇನ್ನೇನಾದ್ರೂ ಬಿತ್ತಾ, ಸುಣ್ಣ, ಬಣ್ಣ, ವೆಲ್ಡಿಂಗ್ ಬೆಳಕು" ಅಂತ ಕೇಳಿದರು. ಅವ್ವ ನನ್ನ ಮುಖ ನೋಡಿದಳು. ಇಲ್ಲ ಅಂದೆ. ಹನಿ ಮದ್ದು ಬರೆದುಕೊಟ್ಟರು. ದೀಪ ಪೆಟ್ಟಿಗೆ ಸೇರಿದ ಮೇಲೆ ಕಣ್ಣೂ ಹಗುರವಾಯಿತು, ರಾತ್ರಿ ನಿದ್ದೆ ಮಾಡಿದಳು. ಮದ್ದಿನ ಗುಣ ಇರಬೇಕು. ಆದ್ದರಿಂದ ಇವತ್ತಿನಿಂದ ಮತ್ತೆ ಕೆಲಸ ಹಿಡಿದಿದ್ದೇವೆ. ನಾನು ಬೇಡ ಅಂದೆ. "ಮಗಳ ಮಾನದ ಪ್ರಶ್ನೆ ಐತೆ. ಸೀರೆ ಮುಗೀಲಿ, ಆಮ್ಯಾಲೆ ಕಣ್ಣು ಮುಚ್ಕೊಂಡು ಮಲಗ್ತೀನಿ" ಅಂತ ಅವಳೇ ಪೆಟ್ಟಿಗೆ ಬಿಚ್ಚಿದಳು.

ಒಂದು ಮಾತ್ರ ತಿಳಿಯುತ್ತಿಲ್ಲ. ಅವ್ವನ ಮೂಗು, ಕೆನ್ನೆ ಕೆಂಪಾಗಿ ಸಿಪ್ಪೆ ಏಳುತ್ತಿದೆ, ಶೇಂಗಾ ಕೀಳುವವರಿಗೆ ಬಿಸಿಲಿಗೆ ಆಗುತ್ತದಲ್ಲ ಹಾಗೆ. ಮನೆ ಬಿಟ್ಟು ಹೊರಗೇ ಹೋಗದವಳಿಗೆ ಬಿಸಿಲು ಎಲ್ಲಿಂದ ಬಡಿಯಿತೋ.

ಸೀರೆ ಮುಕ್ಕಾಲು ಆಗಿದೆ.

ರುದ್ರ


ಚಳ್ಳಕೆರೆ
1 ಜುಲೈ 2025

ಅಣ್ಣ,

ಕನ್ನಡಕದ ವಿಷಯ ಓದಿ ನಾನು ನೆಮ್ಮದಿಯಾಗಿದ್ದೆ. ಕೆಂಪಾದ ಮೂಗಿನ ಸಾಲನ್ನು ಓದಿಯೂ ಓದದ ಹಾಗೆ ದಾಟಿಬಿಟ್ಟೆ. ಹೊರಗಿನವರು ಬರುವ ಗಡಿಬಿಡಿ ಅಂತ ನನಗೇ ಸಮಾಧಾನ ಹೇಳಿಕೊಂಡು ಇಷ್ಟು ದಿನ ಬರೆಯಲೂ ಇಲ್ಲ.

ಇವತ್ತು ಸಂಜೆ ರೂಮಿಗೆ ಬಂದು ಲೈಟು ಹಾಕಿದೆ. ಬರಿಯ ಟ್ಯೂಬ್‌ಲೈಟು. ಹಾಕಿದ ಕೂಡಲೇ ನನ್ನ ಕೈ ತಾನಾಗಿ ಎದೆಗೆ ಬಂತು. ದಿನಾ ಬರುತ್ತದೆ, ಗಮನಿಸಿರಲಿಲ್ಲ. ನಾವು ಚಿಕ್ಕವರಿದ್ದಾಗ ಮುಸ್ಸಂಜೆ ಬಲ್ಬು ಹಾಕಿ ಕೈ ಮುಗಿಯದಿದ್ದರೆ ಅವ್ವ ತಲೆಗೆ ಮೊಟಕುತ್ತಿದ್ದಳಲ್ಲ. ಗೋಡೆಗೆ ಕೈ ಮುಗಿದುಕೊಂಡು ನಿಂತಿದ್ದೆ, ಆಗ ನಿನ್ನ ಜೂನ್ ಮೊದಲ ವಾರದ ಕಾಗದ ನೆನಪಾಯಿತು. ಕನ್ನಡಕವನ್ನು ಹಣೆಗೇರಿಸಿದಳು, ಕಣ್ತುಂಬ ನೋಡಿದಳು. ನಾನು ಅದನ್ನು ಓದಿ ನಕ್ಕಿದ್ದೆ. ಕೆಮ್ಮು ಬರುವಷ್ಟು ನಕ್ಕಿದ್ದೆ.

ಅಣ್ಣ, ಅವಳು ಒಂದು ದಿನ ಮಾತ್ರ ಹಾಗೆ ಮಾಡಿದ್ದಲ್ಲ. ಪ್ರತಿ ಸಲ ಮಾಡುತ್ತಿದ್ದಾಳೆ. ಹರಿದ ಒಂದೊಂದು ಎಳೆಗೂ ದೀಪ ಹೊತ್ತಿಸಿದಾಗಲೆಲ್ಲ, ಅಷ್ಟು ಹತ್ತಿರದಿಂದ, ಬರಿಗಣ್ಣಿನಲ್ಲಿ. ಆಮೇಲೆ ಕನ್ನಡಕ ಇಳಿಸಿಕೊಂಡು ಕೆಲಸ ಮಾಡುತ್ತಾಳೆ. ನೀನು ಎದ್ದು ನೋಡುವಾಗ ಕನ್ನಡಕ ಮೂಗಿನ ಮೇಲೇ ಇರುತ್ತದೆ.

ಆ ಬೆಳಕು ಕಣ್ಣಿನ ಮೇಲ್ಪದರವನ್ನು ಸುಡುತ್ತದೆ. ಸುಡುವಾಗ ನೋವು ತಿಳಿಯುವುದಿಲ್ಲ, ಕೆಲವು ಗಂಟೆ ಕಳೆದ ಮೇಲೆ ಮರಳು ಬಿದ್ದ ಹಾಗೆ ಆಗುತ್ತದೆ. ಇದು ನನಗೆ ಮೊದಲಿನಿಂದ ಗೊತ್ತಿತ್ತು, ಗೊತ್ತಿಲ್ಲ ಅಂತ ಬರೆದದ್ದು ಸುಳ್ಳು. 'ಸ್ವಲ್ಪ ಉರಿಯಬಹುದು' ಅಂತ ಬರೆದೆ. ಸರಿಯಾಗಿ ಬರೆದರೆ ನೀವು ಹೆದರಿ ದೀಪ ವಾಪಸು ಕಳಿಸುತ್ತೀರಿ ಅಂತ ಹಾಗೆ ಬರೆದೆ.

ಈಗ ತಾನೇ ಫೋನ್ ಮಾಡಿದ್ದೆ. ಎತ್ತಿದ್ದು ಅವ್ವ. ನೀನು ಇನ್ನೂ ಬಂದಿಲ್ಲ ಅಂದಳು. ಆ ದೀಪ ಮುಟ್ಟಬೇಡವ್ವ, ನೋಡಬೇಡ ಅಂದೆ. "ಆಯ್ತವ್ವ" ಅಂದಳು. ಅವಳ 'ಆಯ್ತವ್ವ' ನಮಗೆ ಗೊತ್ತಲ್ಲ. ಕಣ್ಣು ಹೇಗಿದೆ ಅಂದರೆ, "ಚೆನ್ನಾಗೈತೆ, ಒಂದು ಕಣ್ಣು ಸೊಲ್ಪ ಮಂಜು ಮಂಜು, ಗಾಳಿಗೆ" ಅಂದಳು. ಮಂಜು ಅಂದಳು ಅಣ್ಣ.

ನಾಳೆ ಮೊದಲ ಬಸ್ಸಿಗೆ ದುರುಗೇಶಣ್ಣ ಈ ಕಾಗದ ತಂದು ನಿನ್ನ ಕೈಯಲ್ಲೇ ಕೊಡುತ್ತಾನೆ. ಅದೇ ಬಸ್ಸು ತಿರುಗಿ ಬರುವಾಗ ಅವ್ವನನ್ನು ಹತ್ತಿಸಿಕೊಂಡು ಬಾ. ದೀಪವನ್ನೂ ತಾ. ಕಣ್ಣಿಗೆ ಹೂವು, ಸೊಪ್ಪು, ಎಣ್ಣೆ ಏನನ್ನೂ ಮುಟ್ಟಿಸಬೇಡಿ. ನಾನು ಬೆಳಿಗ್ಗೆ ವೀರೇಶ್ ಸರ್ ಮನೆಗೆ ಹೋಗಿ ಎಲ್ಲ ಹೇಳಿ, ದೀಪದ ವಿವರ ಬರೆಸಿಕೊಂಡು ಚಳ್ಳಕೆರೆ ಸ್ಟ್ಯಾಂಡಿನಲ್ಲಿ ಕಾದಿರುತ್ತೇನೆ. ಮೂವರೂ ಚಿತ್ರದುರ್ಗದ ಕಣ್ಣಾಸ್ಪತ್ರೆಗೆ ಹೋಗೋಣ. ಡಾಕ್ಟರಿಗೆ ನಾನೇ ಹೇಳುತ್ತೇನೆ.

ಯಾರಿಗೂ ಹೇಳಬೇಡ ಅಂದಿದ್ದನ್ನು ಮರೆತುಬಿಡು. ಎಲ್ಲರಿಗೂ ಹೇಳು. ಚಿಕ್ಕಕ್ಕನಿಗೂ ಹೇಳು.

ಸೌಂದರ್ಯ


ಚಳ್ಳಕೆರೆ
19 ಜುಲೈ 2025

ರುದ್ರಣ್ಣನಿಗೆ,

ಆಸ್ಪತ್ರೆಯಿಂದ ಬಂದ ಮೇಲೆ ನಾನು ಬರೆಯುತ್ತಿರುವ ಮೂರನೆಯ ಕಾಗದ ಇದು. ಮೊದಲಿನವಕ್ಕೆ ನೀನು ಉತ್ತರ ಬರೆಯಲಿಲ್ಲ. ದುರುಗೇಶಣ್ಣನನ್ನು ಕೇಳಿದರೆ, "ಕೊಟ್ಟೆ ಕಣಮ್ಮ, ಇಸ್ಕಂಡು ಜೇಬಿಗಿಟ್ಕಂಡ" ಅನ್ನುತ್ತಾನೆ.

ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಕೇಳಿದ ಪ್ರಶ್ನೆ ಇನ್ನೂ ಕಿವಿಯಲ್ಲಿದೆ. ಎಡಗಣ್ಣು ಉಳಿಯುತ್ತದೆ ಅಂದರು. ಬಲಗಣ್ಣಿನಲ್ಲಿ ಸುಟ್ಟ ಗಾಯಕ್ಕೆ ಹೂವಿನ ರಸದಿಂದ ನಂಜು ಸೇರಿ ಹುಣ್ಣಾಗಿದೆ ಅಂದರು. "ಮೊದಲ ಸಲ ತೋರಿಸಿದಾಗಲೇ ಈ ದೀಪದ ವಿಷಯ ಯಾಕಮ್ಮ ಹೇಳ್ಲಿಲ್ಲ?" ಅಂತ ಕೇಳಿದರು. ನೀನು ಪಕ್ಕದಲ್ಲೇ ನಿಂತಿದ್ದೆ. ನಾನು ಹೇಳಬೇಡ ಅಂದದ್ದಕ್ಕೆ ಅಂತ ನೀನು ಹೇಳಲಿಲ್ಲ. ನೀನು ಅಲ್ಲೇ ಎಲ್ಲರ ಮುಂದೆ ನನ್ನ ಕೆನ್ನೆಗೆ ಬಾರಿಸಿದ್ದರೆ ನನಗೆ ಹಗುರವಾಗುತ್ತಿತ್ತು.

ವೀರೇಶ್ ಸರ್ ಬಯ್ಯಲಿಲ್ಲ. ದೀಪವನ್ನು ಕಪಾಟಿಗೆ ಹಾಕಿ ಬೀಗ ಹಾಕಿಕೊಂಡರು, ನನಗೆ ನಾಳೆಯಿಂದ ಬರಬೇಡ ಅಂದರು. ನ್ಯಾಯವೇ. ಹೊರಗಿನವರ ಮೇಜಿನ ಮೇಲೆ ಸೀರೆ ಇರಲಿಲ್ಲ. ರೂಮು ಈ ತಿಂಗಳ ಕೊನೆಯವರೆಗೆ ಇದೆ.

ದಿನಾ ಫೋನ್ ಮಾಡುತ್ತೇನೆ. ದಿನಾ ಅವ್ವ ಎತ್ತುತ್ತಾಳೆ, ದಿನಾ ಚೆನ್ನಾಗೈತೆ ಅನ್ನುತ್ತಾಳೆ. ಫೋನಿನಲ್ಲಿ ಚೆನ್ನಾಗಿರೋಣ ಅಂತ ಶುರು ಮಾಡಿದವಳು ನಾನೇ. ಪಟ್ಟಿ ಬಿಚ್ಚಿದರಾ? ಬಲಗಣ್ಣಿನಲ್ಲಿ ಕಾಣುತ್ತದಾ? ಬಸ್ ಸ್ಟ್ಯಾಂಡಿಗೆ ಹೋಗುತ್ತೇನೆ, ಮೊಳಕಾಲ್ಮೂರಿನ ಬೋರ್ಡು ನೋಡಿ ವಾಪಸು ಬರುತ್ತೇನೆ. ನಾನು ಬಾಗಿಲಲ್ಲಿ ನಿಂತಾಗ ಅವ್ವ ನನ್ನನ್ನು ಯಾವ ಕಣ್ಣಿನಿಂದ ನೋಡುತ್ತಾಳೆ ಅನ್ನುವ ಭಯ. ಇದಕ್ಕಿಂತ ದೊಡ್ಡ ಭಯ ನಾನು ಕಂಡಿಲ್ಲ.

ಒಂದು ಸಾಲು ಬರೆ. ಬಯ್ದಾದರೂ ಬರೆ.

ಸೌಂದರ್ಯ


ಮೊಳಕಾಲ್ಮೂರು
23 ಜುಲೈ 2025

ಸೌಂದರ್ಯ,

ಒಂದು ಸಾಲು ಕೇಳಿದೆಯಲ್ಲ, ತಗೋ. ಬಲಗಣ್ಣು ಹೋಯಿತು. ಕರಿಗುಡ್ಡೆಯ ಮೇಲೆ ಹಾಲಿನ ಕೆನೆ ಕಟ್ಟಿದ ಹಾಗೆ ಬಿಳಿ ಕಲೆ ನಿಂತಿದೆ. ಬೆಳಕು, ನೆರಳು ಗೊತ್ತಾಗುತ್ತದಂತೆ. ಎಳೆ ಕಾಣುವುದಿಲ್ಲ.

ನಿನಗೆ ಬರೆಯಬಾರದು ಅಂತಲೇ ಇದ್ದೆ. ನಾಲ್ಕು ಸಲ ಬರೆದು ಹರಿದೆ, ಎಲ್ಲದರಲ್ಲೂ ಕೆಟ್ಟ ಮಾತು. ಸಿಟ್ಟೆಲ್ಲ ನಿನ್ನ ಮೇಲೇ ಅಂತ ತಿಳಿಯಬೇಡ. ಕನ್ನಡಕ ಹಣೆಗೇರಿಸಿದ್ದನ್ನು ಕಣ್ಣಾರೆ ಕಂಡು, ತಮಾಷೆ ಮಾಡಿ ಬರೆದವನು ನಾನು. ಡಾಕ್ಟರು ವೆಲ್ಡಿಂಗ್ ಬೆಳಕಾ ಅಂತ ಕೇಳಿದಾಗ ಇಲ್ಲ ಅಂದವನೂ ನಾನು. ನೀನು ಹೇಳಬೇಡ ಅಂದೆ, ನಿಜ. ನನಗೇನು ಬಾಯಿರಲಿಲ್ಲವಾ?

ಹಾಸನ್ನು ಕತ್ತರಿಸಿ ತೆಗೆದೆ. ನಿನಗೆ ಗೊತ್ತು, ನಮ್ಮ ಮಗ್ಗದ ಹಾಸನ್ನು ಯಾವತ್ತೂ ಪೂರ್ತಿ ಕತ್ತರಿಸಿಲ್ಲ. ಅಪ್ಪ, ಅವರಪ್ಪ ಎಲ್ಲರೂ ಹಳೆಯ ಹಾಸಿನ ಬಾಲ ಉಳಿಸಿ ಹೊಸದನ್ನು ಅದಕ್ಕೇ ಕೂಡಿಸಿಕೊಂಡು ಬಂದವರು. ಈ ಸಲ ಬಾಲವೂ ನಿನ್ನ ಲೇಪ ಕುಡಿದು ಸೆಟೆದಿತ್ತು. ಬಿಡಿಸುವ ದೀಪ ಬೀಗದೊಳಗೆ. ಅವ್ವ ಆ ಕಡೆ ಮುಖ ತಿರುಗಿಸಿ ಕೂತಳು.

ಇವತ್ತು ನಿನ್ನ ಕಾಗದವನ್ನು ಅವಳಿಗೆ ಓದಿ ಹೇಳಿದೆ. ಎಲ್ಲ ಕಾಗದಗಳನ್ನೂ, ಮೊದಲಿನಿಂದ. ಕೊನೆಗೆ, ಬರಕೋ ಅಂದಳು. ಇನ್ನು ಮುಂದಿನದು ಅವಳು ಹೇಳಿದ್ದು. ಒಂದಕ್ಷರ ನಾನು ಸೇರಿಸಿಲ್ಲ.

ಸೌಂದರ್ಯ, ನಾನು ಕಣೆ, ನಿಮ್ಮವ್ವ. ಚೆನ್ನಾಗಿಲ್ಲ. ಫೋನಾಗೆ ಚೆನ್ನಾಗಿದೀನಿ ಅಂದಿದ್ದೆಲ್ಲ ಸುಳ್ಳು. ಬಲಗಣ್ಣು ಕಾಣಲ್ಲ, ರಾತ್ರಿ ಅಳು ಬರ್ತೈತೆ. ಅತ್ರೆ ಕಣ್ಣಿಗೆ ಆಗಲ್ಲ ಅಂತ ನಿಮ್ಮಣ್ಣ ಬೈತಾನೆ.

ಅವ್ವ ಹೆದರ್ಕೊಂತಾಳೆ ಅಂತ ನೀನು ಹೇಳ್ಲಿಲ್ವಂತೆ. ಹೆದರ್ಕೊಂಡಿದ್ರೆ ಏನಾಗ್ತಿತ್ತೆ? ನಾಗಪ್ಪಗೂ ಕೈ ಮುಗೀತೀನಿ ನಾನು. ಹುತ್ತಕ್ಕೆ ಕಣ್ಣಿಟ್ಟು ನೋಡ್ತೀನೇನು? ದೂರ ನಿಂತು ಮುಗೀತೀನಿ. ಇದು ಹಾವು ಕಣವ್ವ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ದೂರ ನಿಂತು ಮುಗೀತಿದ್ದೆ. ನೀನು ಹೆದರಿಸ್ಬೇಕಿತ್ತು ನನ್ನ. ಅದಕ್ಕೇ ನನಗೆ ಸಿಟ್ಟು. ಕಣ್ಣು ಹೋಗಿದ್ದಕ್ಕಲ್ಲ.

ಹೊಸ ಹಾಸು ಬಂದೈತೆ. ಹಣಿಗೆ ಖಾಲಿ ಐತೆ, ಮೊದಲಿಂದ ಒಂದೊಂದೇ ಎಳೆ ಪೋಣಿಸ್ಬೇಕು. ನನಗೆ ಒಂದು ಕಣ್ಣಾಗೆ ಎಳೆ ಹತ್ರ ಐತೋ ದೂರ ಐತೋ ತಿಳೀವಲ್ದು. ಕೈ ಹಾಕಿದ ಕಡೆ ಸಿಗಲ್ಲ. ನೀನು ಬಂದು ಕೂತ್ಕೊ.

ಇನ್ನೊಂದು ಮಾತು. ಸಂಜೆ ಮನೆ ದೀಪ ಹಾಕೋಕೆ ನನಗೆ ಆಗ್ತಿಲ್ಲ. ಸ್ವಿಚ್ಚಿನ ಹತ್ರ ಕೈ ಹೋದ್ರೆ ಎದೆ ಹೊಡ್ಕೊಂತೈತೆ. ನಿಮ್ಮಣ್ಣ ಹಾಕ್ತಾನೆ, ನಾನು ಸೆರಗು ಮುಚ್ಕೊಂಡು ಗೋಡೆ ಕಡೆ ತಿರುಗ್ತೀನಿ. ಇದು ಬರೀ ಬಲ್ಬು ಅವ್ವ ಅಂತಾನೆ. ಅವನ ಮಾತು ನನಗೆ ನಂಬಿಕೆ ಇಲ್ಲ, ಅವನಿಗೇನು ಗೊತ್ತು. ನೀನು ಓದಿದೋಳು, ನಿನಗೆ ಗೊತ್ತು. ನಾಳೆ ಬಸ್ಸಿಗೆ ಬಾ. ಸಂಜೆ ನೀನೇ ದೀಪ ಹಾಕು. ನೋಡ್ಬೋದು ಅಂತ ನೀನು ಹೇಳು, ಆಮೇಲೆ ನೋಡ್ತೀನಿ.